ಸಾರ್ಡೀನಿಯಾದ ಕೆಂಪು ವೈನ್ ಮಟನ್ ಸಾರಿನ ಜೊತೆ ಯಾಕೆ ಹೊಂದಲಿಲ್ಲ?

ಪ್ರಶ್ನೆ: ಮಗಳು ಇಟಲಿಯಲ್ಲಿ ಓದುತ್ತಿದ್ದಾಳೆ. ರಜೆಗೆ ಬರುವಾಗ ಸಾರ್ಡೀನಿಯಾ ದ್ವೀಪದ ಎರಡು ಬಾಟಲಿ ಕೆಂಪು ವೈನ್ ತಂದಳು. ಲೇಬಲ್ ಮೇಲೆ 'ಕ್ಯಾನೊನೌ ದಿ ಸಾರ್ದೇನ್ಯಾ, ರಿಸೆರ್ವಾ, 14.5%' ಎಂದಿದೆ. ಒಂದು ಭಾನುವಾರ ಮಧ್ಯಾಹ್ನ ಮಟನ್ ಸಾರಿನ ಜೊತೆ ಒಂದನ್ನು ತೆಗೆದೆವು. ಬಣ್ಣ ತೆಳುವಾಗಿತ್ತು, ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕುಡಿದರೆ ಗಂಟಲೆಲ್ಲ ಉರಿ, ಕೊನೆಗೆ ಕಹಿ. ಏಪ್ರಿಲ್ ಬಿಸಿಲಿಗೆ ಕೆಟ್ಟುಹೋಯಿತಾ? ಉಳಿದ ಬಾಟಲಿಯನ್ನು ಯಾವ ಊಟದ ಜೊತೆ ಕುಡಿಯಬೇಕು? ಇದನ್ನು ಕುಡಿದೇ ಅಲ್ಲಿನ ಜನ ನೂರು ವರ್ಷ ಬದುಕುತ್ತಾರೆ ಅಂತಾರೆ, ನಿಜವಾ?
ಧಾರವಾಡದ ಒಬ್ಬ ಓದುಗರು

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ವೈನ್ ಕೆಟ್ಟಿಲ್ಲ. ಏಪ್ರಿಲ್ ಮಧ್ಯಾಹ್ನದ ಸೆಕೆ, ಸಾರಿನ ಖಾರ, 14.5% ಆಲ್ಕೋಹಾಲ್, ಈ ಮೂರೂ ಒಂದೇ ಗುಟುಕಿನಲ್ಲಿ ಬಂದು ಸೇರಿದವು. ಅಂಥ ಕಡೆ ಯಾವ ಕೆಂಪು ವೈನ್ ಆದರೂ ಒದ್ದಾಡುತ್ತದೆ. ಇದು ಸ್ವಲ್ಪ ಜಾಸ್ತಿಯೇ ಒದ್ದಾಡುತ್ತದೆ, ಯಾಕೆ ಅಂತ ಹೇಳುತ್ತೇನೆ.

ನಿಜವಾಗಿ ಕೆಟ್ಟಿದ್ದರೆ ನಿಮ್ಮ ಮೂಗಿಗೇ ಗೊತ್ತಾಗುತ್ತಿತ್ತು. ಗಾಳಿ ತಾಗಿ ಕೆಟ್ಟ ವೈನ್ ವಿನೆಗರ್ ವಾಸನೆ ಹೊಡೆಯುತ್ತದೆ. ಕಾರ್ಕ್ ಕೆಟ್ಟಿದ್ದರೆ ಮಳೆಗಾಲದಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ. ಬಿಸಿಲಿಗೆ ಬೆಂದ ವೈನ್ ಕುದಿಸಿದ ಜಾಮಿನ ಹಾಗೆ ಸಪ್ಪೆಯಾಗಿ ನಾರುತ್ತದೆ. ಎಷ್ಟೋ ಸಲ ಕಾರ್ಕೇ ಬಾಟಲಿಯ ಬಾಯಿಂದ ಒಂದಿಷ್ಟು ಮೇಲೆದ್ದಿರುತ್ತದೆ. ಇದ್ಯಾವುದನ್ನೂ ನೀವು ಹೇಳಿಲ್ಲ. ನೀವು ಹೇಳಿದ್ದು ಉರಿ ಮತ್ತು ಕಹಿ. ಅದು ಊಟದ ಕಡೆಯಿಂದ ಬಂದ ತಕರಾರು.

ಹೆಸರು ಮೊದಲು ಸರಿಮಾಡಿಕೊಳ್ಳೋಣ. ಅದು ಕ್ಯಾನೊನೌ ಅಲ್ಲ, ಕನ್ನೊನಾವ್. 'ಕನ್ನಡ' ಅನ್ನುವಾಗ 'ನ್ನ' ಒತ್ತುತ್ತೇವಲ್ಲ, ಹಾಗೇ ಒತ್ತಿ, ಕೊನೆಯ 'ನಾವ್' ಮೇಲೆ ದನಿ ಎತ್ತಿ. ಇಂಗ್ಲಿಷ್ ಬಲ್ಲವರಿಗಿಂತ ನಮಗೇ ಇದು ಸಲೀಸು.

ಕನ್ನೊನಾವ್ ಅನ್ನೋದು ದ್ರಾಕ್ಷಿಯ ಹೆಸರು. ಸ್ಪೇನಿನವರು ಇದೇ ದ್ರಾಕ್ಷಿಗೆ ಗಾರ್ನಾಚಾ ಎನ್ನುತ್ತಾರೆ, ಫ್ರಾನ್ಸಿನವರು ಗ್ರೆನಾಶ್ ಎನ್ನುತ್ತಾರೆ. ವೆನಿಸ್ ಕಡೆ ಹೋದರೆ ಇದೇ ಬಳ್ಳಿಗೆ ತಾಯ್ ರೊಸ್ಸೊ ಎಂದು ಹೆಸರು. ಹದಿನಾಲ್ಕನೇ ಶತಮಾನದಿಂದ ಹದಿನೆಂಟನೇ ಶತಮಾನದ ಆರಂಭದವರೆಗೆ ಸಾರ್ಡೀನಿಯಾ ಅರಾಗಾನ್ ಮತ್ತು ಸ್ಪೇನ್ ದೊರೆಗಳ ಕೈಯಲ್ಲಿತ್ತು. ಆಗ ಬಳ್ಳಿ ಸ್ಪೇನಿನಿಂದ ಬಂತು ಅನ್ನೋದು ಒಂದು ವಾದ. ಇಲ್ಲ, ಇಲ್ಲಿಂದಲೇ ಅತ್ತ ಹೋಯಿತು ಅನ್ನೋದು ಸಾರ್ಡೀನಿಯಾದವರ ವಾದ. ಆ ಜಗಳ ಮುಗಿಯುವಂಥದ್ದಲ್ಲ, ಮೈಸೂರು ಪಾಕ್ ಯಾರದು ಅನ್ನುವ ಜಗಳದ ಹಾಗೆ. ಗ್ಲಾಸಿನಲ್ಲಿರುವುದಕ್ಕೆ ಅದರಿಂದ ಏನೂ ವ್ಯತ್ಯಾಸ ಇಲ್ಲ.

ವ್ಯತ್ಯಾಸ ಮಾಡುವುದು ಆ ನೆಲ. ಸಾರ್ಡೀನಿಯಾ ನಮ್ಮ ಬೆಳಗಾವಿ, ವಿಜಯಪುರ ಎರಡೂ ಜಿಲ್ಲೆ ಸೇರಿಸಿದಷ್ಟು ದೊಡ್ಡದು, ಸುಮಾರು 24,000 ಚದರ ಕಿಲೋಮೀಟರ್. ಜನ ಸುಮಾರು 16 ಲಕ್ಷ. ಕುರಿಗಳು 30 ಲಕ್ಷದ ಆಸುಪಾಸು. ಅಂದರೆ ತಲೆಗೆ ಎರಡು ಕುರಿ! ಸುತ್ತ ಸಮುದ್ರ ಇದ್ದರೂ ಒಳನಾಡಿನವರು ಸಮುದ್ರದ ಕಡೆ ಬೆನ್ನು ಹಾಕಿ ಬದುಕಿದವರು. ಕುರಿ ಕಾಯುವುದು, ಉಣ್ಣೆ ಕತ್ತರಿಸುವುದು, ಕುರಿಹಾಲಿನ ಚೀಸ್ ಮಾಡುವುದು, ಇದೇ ಅವರ ಕಸುಬು. ಕನ್ನೊನಾವ್ ಬೆಳೆದದ್ದು ಆ ಕುರಿಗಾಹಿಗಳ ಊಟದ ಪಕ್ಕದಲ್ಲಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕುರಿಗಾಹಿಯ ಊಟದಲ್ಲಿ ಇರುವುದು ಕೊಬ್ಬು, ಉಪ್ಪು, ಹೊಗೆ. ಇಲ್ಲದಿರುವುದು ಮೆಣಸಿನಕಾಯಿಯ ಉರಿ ಮತ್ತು ಹುಣಸೆಹುಳಿ.

ಈಗ ನಿಮ್ಮ ದೂರಿಗೆ ಬರುತ್ತೇನೆ. ಬಣ್ಣ ತೆಳು ಅಂದಿರಿ. ಈ ದ್ರಾಕ್ಷಿಯ ಸಿಪ್ಪೆ ತೆಳು, ಬಣ್ಣವೂ ಕಡಿಮೆ. ಕಡುನೇರಳೆ ಬಣ್ಣ ನೋಡಿ ಅಭ್ಯಾಸ ಇದ್ದವರಿಗೆ ಇದು ನೀರು ಬೆರೆಸಿದ ದಾಳಿಂಬೆ ರಸದ ಹಾಗೆ ಕಾಣುತ್ತದೆ. ಗಾಳಿ ತಾಗಿದರೆ ಬೇಗ ಕಂದುಬಣ್ಣಕ್ಕೆ ತಿರುಗುವ ಗುಣವೂ ಇದಕ್ಕಿದೆ. ನಿಮ್ಮದು ರಿಸೆರ್ವಾ. ಅಂದರೆ ಮಾರುವ ಮುಂಚೆ ಎರಡು ವರ್ಷವಾದರೂ ಇಟ್ಟು ಹದ ಮಾಡಿದ್ದು. ಅಂಚಿನಲ್ಲಿ ಇಟ್ಟಿಗೆ ಬಣ್ಣ ಬರದೇ ಇದ್ದಿದ್ದರೇ ನಾನು ಅನುಮಾನ ಪಡುತ್ತಿದ್ದೆ.

ಬಣ್ಣ ತೆಳು ಅಂದಮಾತ್ರಕ್ಕೆ ವೈನ್ ತೆಳು ಅಂತಲ್ಲ. ಹೊಸಬರು ಮೋಸ ಹೋಗುವುದೇ ಇಲ್ಲಿ. ಈ ದ್ರಾಕ್ಷಿ ತಡವಾಗಿ ಹಣ್ಣಾಗುತ್ತದೆ, ಬಿಸಿಲಿಗೆ ಜಗ್ಗುವುದಿಲ್ಲ, ಸಕ್ಕರೆ ತುಂಬಿಕೊಳ್ಳುತ್ತದೆ. ಆ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲ್ ಆಗುತ್ತದೆ. ಹಾಗಾಗಿ 14, 15% ಇಲ್ಲಿ ಮಾಮೂಲು. ಹುಳಿ ಕಡಿಮೆ. ಒಗರು ಇರುತ್ತದೆ, ಆದರೆ ಎಳೆ ಬಾಳೆಕಾಯಿಯ ಹಾಗೆ ನಾಲಿಗೆ ಹಿಡಿಯುವ ಒಗರಲ್ಲ, ಮೆತ್ತಗಿನದು. ಒಟ್ಟಿನಲ್ಲಿ ನೋಡಲು ತೆಳು, ಬಾಯಲ್ಲಿ ದುಂಡಗೆ, ಹೊಟ್ಟೆಗೆ ಇಳಿದ ಮೇಲೆ ಬಿಸಿ.

ಘಮ ಹೇಗಿರುತ್ತದೆ? ಗ್ಲಾಸಿಗೆ ಮೂರನೇ ಒಂದು ಭಾಗ ಸುರಿದು, ಎರಡು ಸುತ್ತು ಆಡಿಸಿ ಮೂಸಿ ನೋಡಿ. ಮೊದಲು ಕಳಿತ ಸ್ಟ್ರಾಬೆರಿ, ಚೆರ್ರಿ. ಆಮೇಲೆ ಒಣಗಿಸಿದ ಕಿತ್ತಳೆ ಸಿಪ್ಪೆ. ಹಿಂದೆಯೇ ಆಗ ತಾನೇ ಕುಟ್ಟಿದ ಕಾಳುಮೆಣಸು. ವಯಸ್ಸಾದ ಬಾಟಲಿಯಲ್ಲಿ ಚರ್ಮ, ಹೊಗೆಸೊಪ್ಪಿನ ವಾಸನೆಯೂ ಬರುತ್ತದೆ. ಇದೆಲ್ಲದರ ಮೇಲೆ ಏನೋ ಒಂದು ಸೊಪ್ಪಿನ ಘಮ. ಸಾರ್ಡೀನಿಯಾದ ಗುಡ್ಡಗಳ ಮೇಲೆ ಮಿರ್ಟಲ್, ರೋಸ್ಮರಿ, ಥೈಮ್ ಪೊದೆಗಳು ಕುರುಚಲಾಗಿ ಬೆಳೆಯುತ್ತವೆ, ಬಿಸಿಲಿಗೆ ಕಾದು ಘಮ್ಮೆನ್ನುತ್ತವೆ. ಅದೇ ಘಮ ವೈನಿಗೆ ಇಳಿದಿದೆ ಎಂದು ಅಲ್ಲಿಯವರು ಹೇಳುತ್ತಾರೆ. ನಾನು ಅದನ್ನು ಪೂರ್ತಿ ನಂಬಿಲ್ಲ. ಆದರೆ ಗ್ಲಾಸ್ ಹಿಡಿದಾಗಲೆಲ್ಲ ನೆನಪಾಗುವುದು ಅದೇ ಗುಡ್ಡ.

ಕಾಳುಮೆಣಸಿನ ವಿಷಯ ಮಾತ್ರ ಬರೀ ಹೋಲಿಕೆ ಅಲ್ಲ. ಮೆಣಸಿಗೆ ಅದರ ಘಮ ಕೊಡುವ ರೊಟಂಡೋನ್ ಎಂಬ ವಸ್ತು ಕೆಲವು ದ್ರಾಕ್ಷಿಗಳ ಸಿಪ್ಪೆಯಲ್ಲೂ ಇದೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಶಿರಾಜ್ ದ್ರಾಕ್ಷಿಯಲ್ಲಿ ಇದನ್ನು ತೋರಿಸಿದರು. ಆಮೇಲೆ ಗ್ರೆನಾಶ್‌ನಲ್ಲೂ ಸಿಕ್ಕಿತು. ಹಾಗಾಗಿ ಈ ವೈನಿನ ಜೊತೆ ಕಾಳುಮೆಣಸು ಹಾಕಿದ ಅಡುಗೆ ಇಟ್ಟರೆ ಎರಡೂ ಒಂದನ್ನೊಂದು ಗುರುತು ಹಿಡಿಯುತ್ತವೆ.

ಮೆಣಸಿನಕಾಯಿಯ ಕತೆ ಬೇರೆ. ನಮ್ಮ ಭಾಷೆಯಲ್ಲಿ ಮೆಣಸಿಗೆ 'ಕಾಯಿ' ಸೇರಿಸಿ ಹೆಸರಿಟ್ಟುಬಿಟ್ಟಿದ್ದೇವೆ, ಆದರೆ ಇವು ನೆಂಟರೇ ಅಲ್ಲ. ಒಂದು ನಮ್ಮ ಪಶ್ಚಿಮ ಘಟ್ಟದ ಬಳ್ಳಿ, ಇನ್ನೊಂದು ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದ ಗಿಡ. ಮೆಣಸಿನಕಾಯಿಯ ಖಾರ ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಿಸುವ ನರಗಳನ್ನೇ ಅದು ತಟ್ಟುತ್ತದೆ. ಆಲ್ಕೋಹಾಲ್ ಕೂಡ ಅದೇ ನರಗಳನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಖಾರದ ಸಾರು ನುಂಗಿ ಮೇಲೆ 14.5% ವೈನ್ ಕುಡಿದರೆ ಉರಿಯುವ ಒಲೆಗೆ ಎಣ್ಣೆ ಸುರಿದ ಹಾಗೆ. ಅಷ್ಟು ಉರಿಯಲ್ಲಿ ಹಣ್ಣಿನ ಸವಿ ನಾಲಿಗೆಗೆ ಸಿಗುವುದಿಲ್ಲ, ಉಳಿಯುವುದು ಒಗರು, ಕಹಿ. ನಿಮಗೆ ಆದದ್ದು ಇದೇ ಅಲ್ವಾ?

ಕಾಳುಮೆಣಸು ಉರಿಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮುಷ್ಟಿಗಟ್ಟಲೆ ಸುರಿದರೆ ಅದೂ ಉರಿಯುತ್ತದೆ. ಆದರೆ ಅದರ ಖಾರ ಮೆತ್ತಗಿನದು, ಘಮ ಮುಂದೆ ಬರುತ್ತದೆ.

ಹುಳಿ, ಬೆಲ್ಲದ ಮಾತೂ ಮುಗಿಸಿಬಿಡುತ್ತೇನೆ. ಹುಣಸೆಹುಳಿ ಜೋರಾಗಿರುವ ಅಡುಗೆಯ ಮುಂದೆ ಹುಳಿ ಕಡಿಮೆ ಇರುವ ವೈನ್ ಸಪ್ಪೆ ಅನ್ನಿಸುತ್ತದೆ. ಬೆಲ್ಲ ಹಾಕಿದ ಅಡುಗೆಯ ಮುಂದೆ ಕಹಿ ಅನ್ನಿಸುತ್ತದೆ. ಅಲ್ಲಿಗೆ ಸಾಂಬಾರ್, ಬಿಸಿಬೇಳೆಬಾತ್, ಗೊಜ್ಜು ಎಲ್ಲ ಪಟ್ಟಿಯಿಂದ ಹೊರಗೆ. ಮೀನೂ ಬೇಡ. ಸಾರ್ಡೀನಿಯಾದ ಕರಾವಳಿಯವರೇ ಮೀನಿಗೆ ವೆರ್ಮೆಂತಿನೊ ಎಂಬ ಬಿಳಿ ವೈನ್ ತೆಗೆಯುತ್ತಾರೆ.

ಹಾಗಾದರೆ ಅಲ್ಲಿ ಏನು ತಿನ್ನುತ್ತಾರೆ? ನೀವು ಧಾರವಾಡದವರು ಅಂತ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಮೊದಲ ಸಲ ದ್ವೀಪದ ಒಳನಾಡಿನ ಗುಡ್ಡಗಾಡು ಬಾರ್ಬಾಜಾ ಸೀಮೆಗೆ ಹೋದಾಗ ಊಟದ ಮೇಜಿನ ಮೇಲೆ ಒಂದು ಬಟ್ಟೆಯ ಗಂಟು ಇಟ್ಟಿದ್ದರು. ಬಿಚ್ಚಿದರೆ ಒಂದರ ಮೇಲೊಂದು ಪೇರಿಸಿದ ರೊಟ್ಟಿ. ಅಗಲ, ಗುಂಡಗೆ, ಹಪ್ಪಳದಷ್ಟು ತೆಳು, ಮುರಿದರೆ ಪಟ್ ಎನ್ನುವಂಥದ್ದು. ಒಂದು ಕ್ಷಣ ನಾನು ಹುಬ್ಬಳ್ಳಿಯ ಖಾನಾವಳಿಯಲ್ಲಿ ಕೂತಿದ್ದೇನೆ ಅನ್ನಿಸಿತು. ಅದರ ಹೆಸರು ಪಾನೆ ಕರಸಾವ್. ಜೋಳದ್ದಲ್ಲ, ಗೋಧಿ ರವೆಯದು. ಒಲೆಯೊಳಗೆ ಹಾಕಿದಾಗ ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬಿದ್ದನ್ನು ತಕ್ಷಣ ಹೊರಗೆ ತೆಗೆದು ಅಂಚಿನುದ್ದಕ್ಕೂ ಚಾಕು ಆಡಿಸಿ ಎರಡು ಪದರ ಬಿಡಿಸುತ್ತಾರೆ. ಒಂದೊಂದು ಪದರವನ್ನೂ ಮತ್ತೆ ಒಲೆಗೆ ಹಾಕಿ ಗರಿಗರಿ ಮಾಡುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಕುರಿ ಹೊಡೆದುಕೊಂಡು ವಾರಗಟ್ಟಲೆ ಗುಡ್ಡದ ಮೇಲಿರುವವರು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ ರೊಟ್ಟಿ ಇದು. ನಮ್ಮ ಖಡಕ್ ರೊಟ್ಟಿ ಹುಟ್ಟಿದ್ದೂ ಇಂಥದ್ದೇ ಅಗತ್ಯಕ್ಕೆ.

ಅದೇ ರೊಟ್ಟಿಯಿಂದ ಪಾನೆ ಫ್ರಾತಾವ್ ಅಂತ ಒಂದು ಊಟ ಮಾಡುತ್ತಾರೆ. ಬಿಸಿ ಕುರಿಮಾಂಸದ ಕಟ್ಟಿನಲ್ಲಿ ರೊಟ್ಟಿಯನ್ನು ಒಂದೆರಡು ಕ್ಷಣ ಅದ್ದಿ ತಟ್ಟೆಗೆ ಹಾಕುತ್ತಾರೆ. ಮೇಲೆ ಟೊಮ್ಯಾಟೊ ಸಾಸ್, ತುರಿದ ಪೆಕೊರಿನೊ, ಅಂದರೆ ಕುರಿಹಾಲಿನ ಚೀಸ್. ಮತ್ತೆ ರೊಟ್ಟಿ, ಮತ್ತೆ ಸಾಸ್. ಎಲ್ಲದರ ನೆತ್ತಿಯ ಮೇಲೆ ನೀರಲ್ಲಿ ಬೇಯಿಸಿದ ಒಂದು ಮೊಟ್ಟೆ. ಚಮಚ ತಾಗಿಸಿದರೆ ಹಳದಿ ಒಡೆದು ರೊಟ್ಟಿಯ ಪದರಕ್ಕೆಲ್ಲ ಇಳಿಯುತ್ತದೆ. ಜೊತೆಗೆ ಸಣ್ಣ ಲೋಟದಲ್ಲಿ ಕನ್ನೊನಾವ್. ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನುವವರಿಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಸಾರಿನಲ್ಲಿ ಮೆಣಸಿನಕಾಯಿ ಇಲ್ಲ ಅನ್ನೋದೊಂದೇ ಫರಕು.

ಹಬ್ಬ ಹರಿದಿನಕ್ಕೆ ಪೊರ್ಚೆದ್ದು ಮಾಡುತ್ತಾರೆ. ಹಾಲು ಕುಡಿಯುವ ಹಂದಿಮರಿಯನ್ನು ಕಟ್ಟಿಗೆಯ ಕೆಂಡದೆದುರು ಗಂಟೆಗಟ್ಟಲೆ ಸುಟ್ಟು, ಬಿಸಿಬಿಸಿ ಇರುವಾಗಲೇ ಮಿರ್ಟಲ್ ಸೊಪ್ಪಿನ ಹಾಸಿನ ಮೇಲೆ ಇಡುತ್ತಾರೆ. ಮಸಾಲೆ ಅಂದರೆ ಉಪ್ಪು, ಅಷ್ಟೇ. ಕುರಿಮಾಂಸವನ್ನು ಆಲೂಗಡ್ಡೆ, ಈರುಳ್ಳಿ ಹಾಕಿ ಸುಮ್ನೆ ಬೇಯಿಸಿ ತಿನ್ನುವುದೂ ಉಂಟು. ಕುರಿಯ ಕರುಳನ್ನು ಜಡೆಯ ಹಾಗೆ ಹೆಣೆದು ಸುಡುವ ಕೊರ್ದುಲಾ ಇದೆ, ಬೋಟಿ ಪ್ರಿಯರು ಕೇಳಿದರೆ ಖುಷಿಪಡುತ್ತಾರೆ. ದ್ವೀಪದ ಪೂರ್ವದ ಒಲ್ಯಾಸ್ತ್ರಾ ಸೀಮೆಯ ಕಡೆ ಆಲೂಗಡ್ಡೆ, ಚೀಸ್, ಪುದೀನ ತುಂಬಿದ ಕುಲುರ್ಜೊನೆಸ್ ಎಂಬ ಪಾಸ್ತಾ ಮಾಡುತ್ತಾರೆ. ಅದರ ಅಂಚನ್ನು ಗೋಧಿ ತೆನೆಯ ಹಾಗೆ ಬೆರಳಲ್ಲೇ ಹೆಣೆಯುತ್ತಾರೆ. ಕರ್ಜಿಕಾಯಿ ಅಂಚು ಮಡಿಚುವ ನಮ್ಮ ಅಜ್ಜಿಯರಿಗೆ ಐದು ನಿಮಿಷದಲ್ಲಿ ಕೈಗೆ ಬಂದೀತು.

ಇನ್ನು ಚೀಸ್. ನನ್ನನ್ನು ಕೇಳಿದರೆ ಕನ್ನೊನಾವ್‌ಗೆ ಮಾಂಸಕ್ಕಿಂತ ಒಳ್ಳೆಯ ಜೋಡಿ ಕುರಿಹಾಲಿನ ಹಳೆಯ ಚೀಸ್. ಫಿಯೊರೆ ಸಾರ್ದೊ ಅಂತ ಒಂದಿದೆ, ಕಾಯಿಸದ ಹಾಲಿನಿಂದ ಮಾಡಿ ಸ್ವಲ್ಪ ಹೊಗೆ ಹಿಡಿಸಿದ್ದು. ಉಪ್ಪು, ಕೊಬ್ಬು, ಹೊಗೆ ಮೂರೂ ಅದರಲ್ಲೇ ಇವೆ. ಅದನ್ನು ಕಚ್ಚಿ ಒಂದು ಗುಟುಕು ಕುಡಿದರೆ ಒಗರು ಮಾಯ, ಸ್ಟ್ರಾಬೆರಿ ಸವಿ ಮುಂದೆ ಬರುತ್ತದೆ. ನಮ್ಮ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುವ ಪೆಕೊರಿನೊ ರೊಮಾನೊ ಕೂಡ ಆಗುತ್ತದೆ. ಹೆಸರಲ್ಲಿ ರೋಮ್ ಇದ್ದರೂ ಅದರ ಬಹುಪಾಲು ತಯಾರಾಗುವುದು ಸಾರ್ಡೀನಿಯಾದಲ್ಲೇ. ಪ್ಲಾಸ್ಟಿಕ್ ಸುತ್ತಿದ ಸ್ಲೈಸ್ ಚೀಸ್ ಮಾತ್ರ ದಯವಿಟ್ಟು ಬೇಡ.

ನಿಮ್ಮ ಎರಡನೇ ಬಾಟಲಿಗೆ ನನ್ನ ಸಲಹೆ ಇದು. ಕುರಿಮಾಂಸವೇ ತನ್ನಿ, ಕೊಬ್ಬು ತೆಗೆಸಬೇಡಿ. ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಒರಟಾಗಿ ಕುಟ್ಟಿದ ಕಾಳುಮೆಣಸು, ಒಂದೆರಡು ಪಲಾವ್ ಎಲೆ ಹಾಕಿ ಅರ್ಧ ದಿನ ಇಡಿ. ಕುಕ್ಕರಿನಲ್ಲಿ ಮುಕ್ಕಾಲು ಬೇಯಿಸಿ, ಆಮೇಲೆ ಕಬ್ಬಿಣದ ಹಂಚಿನ ಮೇಲೆ ತುಪ್ಪ ಬಿಟ್ಟು ಅಂಚು ಕಪ್ಪಾಗುವವರೆಗೆ ಹುರಿಯಿರಿ. ಕೆಂಡ ಇದ್ದರೆ ಇನ್ನೂ ಚೆಂದ. ಬಣ್ಣ ಬೇಕೇ ಬೇಕು ಅಂದರೆ ಒಂದು ಚಮಚ ಬ್ಯಾಡಗಿ ಪುಡಿ ಹಾಕಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಉರಿ ಕಡಿಮೆ. ಗುಂಟೂರು ಡಬ್ಬಿಯ ಕಡೆ ಕೈ ಹೋಗದಿರಲಿ. ಹುಣಸೆ ಇಲ್ಲ, ಮೊಸರೂ ಇಲ್ಲ. ಪಕ್ಕದಲ್ಲಿ ಖಡಕ್ ರೊಟ್ಟಿಗೆ ಬೆಣ್ಣೆ ಸವರಿ ಇಡಿ. ಬೇಯಿಸಿದ ಕಟ್ಟು ಉಳಿದಿರುತ್ತದೆ, ಅದನ್ನು ಬಿಸಿ ಮಾಡಿ ರೊಟ್ಟಿ ಅದ್ದಿಕೊಳ್ಳಿ.

ಮನೆಯಲ್ಲಿ ಮಾಂಸ ತಿನ್ನದವರಿದ್ದರೆ ಕೆಂಡದಲ್ಲಿ ಸುಟ್ಟ ಬದನೆಕಾಯಿ ಒಳ್ಳೆಯದು, ಅದರ ಹೊಗೆ ಈ ವೈನಿಗೆ ಇಷ್ಟ. ಬೆಣ್ಣೆ, ಕಾಳುಮೆಣಸಿನಲ್ಲಿ ಹುರಿದ ಅಣಬೆಯೂ ಸರಿ. ಎಣ್ಣೆಗಾಯಿ ಮಾಡುವುದಾದರೆ ಶೇಂಗಾ, ಎಳ್ಳು ಧಾರಾಳ ಹಾಕಿ, ಹುಳಿ ಬೆಲ್ಲ ಅರ್ಧಕ್ಕೆ ಇಳಿಸಿ. ರುಚಿ ಅಸಲಿ ಎಣ್ಣೆಗಾಯಿಯದಲ್ಲ ಅಂತ ಮನೆಯವರು ಬೈದರೆ ಅದಕ್ಕೆ ನಾನು ಹೊಣೆಯಲ್ಲ.

ಕೊಡಗಿನ ಪಂದಿ ಕರಿ ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಹಂದಿಯ ಕೊಬ್ಬು, ಹುರಿದ ಮಸಾಲೆ, ಕಾಳುಮೆಣಸು, ಎಲ್ಲವೂ ಈ ವೈನಿನ ಕಡೆಗೇ ಇವೆ. ಅದಕ್ಕೆ ಹಾಕುವ ಕಾಚಂಪುಳಿ ಎಂಬ ಕಡುಹುಳಿ ಮಾತ್ರ ಅಡ್ಡ ಬರುತ್ತದೆ. ಅದನ್ನು ಕಡಿಮೆ ಮಾಡಿದರೆ ಅದು ಪಂದಿ ಕರಿಯೇ ಅಲ್ಲ ಅನ್ನುತ್ತಾರೆ ಕೊಡವ ಗೆಳೆಯರು, ಅವರ ಮಾತೂ ಸರಿಯೇ. ಹಾಗಾಗಿ ಆ ಜೋಡಿಯನ್ನು ನಾನು ಒತ್ತಾಯ ಮಾಡುವುದಿಲ್ಲ.

ಒಂದು ಮಾತು ಸೆಕೆಯ ಬಗ್ಗೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲುಮನೆಗಳಲ್ಲಿ. ಕನ್ನೊನಾವ್ 16ರಿಂದ 18 ಡಿಗ್ರಿಯಲ್ಲಿ ಚೆನ್ನ. ನಿಮ್ಮ ಏಪ್ರಿಲ್ ಕೋಣೆ 30 ದಾಟಿರುತ್ತದೆ. ಆಗ ಆಲ್ಕೋಹಾಲ್ ಮೊದಲು ಮೂಗಿಗೆ ನುಗ್ಗುತ್ತದೆ. ಊಟಕ್ಕೆ ಒಂದು, ಒಂದೂಕಾಲು ಗಂಟೆ ಮುಂಚೆ ಬಾಟಲಿಯನ್ನು ಫ್ರಿಜ್ಜಿಗೆ ಹಾಕಿ. ಮರೆತರೆ ಬಕೆಟ್ಟಿಗೆ ನೀರು, ಐಸ್ ತುಂಬಿ ಹತ್ತು ನಿಮಿಷ ಮುಳುಗಿಸಿ. ಇದೊಂದನ್ನು ಮಾಡಿದ್ದರೂ ಆ ಭಾನುವಾರದ ಉರಿ ಅರ್ಧ ತಗ್ಗುತ್ತಿತ್ತು.

ಮಗಳಿಗೆ ಹೇಳಲು ಲೇಬಲ್ ವಿಚಾರ ಸ್ವಲ್ಪ. ಕನ್ನೊನಾವ್ ದಿ ಸಾರ್ದೇನ್ಯಾ ಎಂಬ ಹೆಸರಿಗೆ 1972ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಬಾಟಲಿಯಲ್ಲಿ ಆ ದ್ರಾಕ್ಷಿ ಕನಿಷ್ಠ 85% ಇರಬೇಕು. ದ್ವೀಪದ ಯಾವ ಮೂಲೆಯಲ್ಲಿ ಬೆಳೆದರೂ ಆ ಹೆಸರು ಹಾಕಬಹುದು, ಹಾಗಾಗಿ ಗುಣ ಏರುಪೇರು. 'ಕ್ಲಾಸಿಕೊ' ಎಂದಿದ್ದರೆ ನುವೊರೊ, ಒಲ್ಯಾಸ್ತ್ರಾ ಸೀಮೆಯದು, ದ್ರಾಕ್ಷಿಯೂ 90% ಮೇಲೆ. ಒಲಿಯೆನಾ, ಯೆರ್ಟ್ಸು, ಕಾಪೊ ಫೆರಾತೊ ಎಂಬ ಸೀಮೆಗಳ ಹೆಸರುಗಳೂ ಲೇಬಲ್ ಮೇಲೆ ಬರುತ್ತವೆ. ಒಲಿಯೆನಾದ ವೈನಿಗೆ ನೆಪೆಂತೆ ಎಂಬ ಅಡ್ಡಹೆಸರಿದೆ, ಅಂದರೆ ದುಃಖ ಮರೆಸುವ ಮದ್ದು. ಅದನ್ನು ಕೊಂಡಾಡಿ ಹೆಸರು ನಿಲ್ಲಿಸಿದವನು ಇಟಲಿಯ ಕವಿ ಗಾಬ್ರಿಯೆಲೆ ಡಾನುಂಟ್ಸಿಯೊ.

ನನ್ನ ಒಲವು ಮಮೊಯಾದಾ ಊರಿನ ಕಡೆ. ಕರಿ ಮರದ ಮುಖವಾಡ ಹಾಕಿ, ಕುರಿ ತೊಗಲು ಹೊದ್ದು, ಬೆನ್ನಿಗೆ ದೊಡ್ಡ ದೊಡ್ಡ ಗಂಟೆ ಕಟ್ಟಿಕೊಂಡು ಕುಣಿಯುವ ಮಾಮುತೊನೆಸ್ ಎಂಬ ವೇಷಗಾರರ ಹಬ್ಬದಿಂದ ಆ ಊರು ಹೆಸರಾಗಿದೆ. ಅಲ್ಲಿನ ತೋಟಗಳು 600 ಮೀಟರಿಗೂ ಎತ್ತರದಲ್ಲಿ, ಗ್ರಾನೈಟ್ ಕರಗಿದ ಮರಳುನೆಲದ ಮೇಲಿವೆ. ರಾತ್ರಿ ತಂಪು. ಹಾಗಾಗಿ ಹಣ್ಣಿನಲ್ಲಿ ಹುಳಿ ಉಳಿದುಕೊಳ್ಳುತ್ತದೆ, ಆಲ್ಕೋಹಾಲ್ ಜಾಸ್ತಿ ಇದ್ದರೂ ಭಾರ ಅನ್ನಿಸುವುದಿಲ್ಲ. ಹೊಸ ಓಕ್ ಪೀಪಾಯಿಯಲ್ಲಿಟ್ಟು ವೆನಿಲ್ಲಾ ವಾಸನೆ ಹತ್ತಿಸಿದ ದುಬಾರಿ ಕನ್ನೊನಾವ್‌ಗಳೂ ಸಿಗುತ್ತವೆ. ನನಗೆ ಅವು ಸೇರುವುದಿಲ್ಲ. ರೊಟ್ಟಿಯ ಮೇಲೆ ಐಸಿಂಗ್ ಹಚ್ಚಿದ ಹಾಗೆ.

ನೂರು ವರ್ಷದ ಮಾತಿಗೆ ಬರೋಣ. ಒಲ್ಯಾಸ್ತ್ರಾ, ಬಾರ್ಬಾಜಾದ ಗುಡ್ಡದ ಊರುಗಳಲ್ಲಿ ನೂರು ದಾಟಿದ ಗಂಡಸರು ಹೆಚ್ಚು ಎಂದು ಜಾನ್ನಿ ಪೆಸ್, ಮಿಶೆಲ್ ಪೂಲಾನ್ ಎಂಬ ಸಂಶೋಧಕರು 2004ರಲ್ಲಿ ಬರೆದರು. ಭೂಪಟದ ಮೇಲೆ ಆ ಊರುಗಳನ್ನು ನೀಲಿ ಇಂಕಿನಲ್ಲಿ ಗುರುತು ಮಾಡಿದ್ದರಿಂದ 'ನೀಲಿ ವಲಯ' ಎಂಬ ಹೆಸರು ಬಂತು. ಕನ್ನೊನಾವ್ ಅದರ ಗುಟ್ಟು ಅನ್ನುವ ಮಾತು ಆಮೇಲೆ ಬೆಳೆಯಿತು, ವ್ಯಾಪಾರಕ್ಕೂ ಒದಗಿತು. ಆ ಮುದುಕರು ಜೀವಮಾನವಿಡೀ ಕುರಿ ಹಿಂದೆ ಗುಡ್ಡ ಹತ್ತಿ ಇಳಿದವರು. ಕಾಳು, ಸೊಪ್ಪು, ರೊಟ್ಟಿ ತಿಂದವರು. ಮಾಂಸ ಅವರಿಗೆ ಹಬ್ಬದ ಮಾತು. ಅದನ್ನೆಲ್ಲ ಬಿಟ್ಟು ಲೋಟವನ್ನಷ್ಟೇ ಹಿಡಿದುಕೊಂಡರೆ ಹೇಗೆ? ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರುಚಿಗೆ ಕುಡಿಯುವುದಾದರೆ ಕುಡಿಯಿರಿ, ಮದ್ದು ಅಂತ ಬೇಡ. ಕುಡಿಯದವರು ಇದಕ್ಕಾಗಿ ಶುರು ಮಾಡುವುದಂತೂ ಬೇಡವೇ ಬೇಡ.

ಬಾಟಲಿ ಒಂದೇ ಸಲಕ್ಕೆ ಖಾಲಿಯಾಗದಿದ್ದರೆ ಕಾರ್ಕ್ ಒತ್ತಿ ಫ್ರಿಜ್ಜಿನಲ್ಲಿ ನಿಲ್ಲಿಸಿ. ಗಾಳಿಗೆ ಬೇಗ ಸೋಲುವ ದ್ರಾಕ್ಷಿ ಇದು, ಎರಡು ಮೂರು ದಿನದೊಳಗೆ ಮುಗಿಸಿ.

ಮಗಳು ವಾಪಸ್ ಹೋಗುವಾಗ ಅವಳ ಚೀಲಕ್ಕೆ ಒಂದು ಕಟ್ಟು ಖಡಕ್ ರೊಟ್ಟಿ ಹಾಕಿ ಕಳಿಸಿ. ಕನ್ನೊನಾವ್ ಅಲ್ಲೇ ಅಗ್ಗ, ಪೆಕೊರಿನೊ ಅಲ್ಲೇ ಸಿಗುತ್ತದೆ. ಬರುವಾಗ ಪಾನೆ ಕರಸಾವ್ ಒಂದು ಪೊಟ್ಟಣ ತರಲು ಹೇಳಿ. ಎರಡೂ ರೊಟ್ಟಿಯನ್ನು ಪಕ್ಕಪಕ್ಕ ಮುರಿದು ನೋಡಿ, ಯಾವುದರ ಸದ್ದು ಜೋರು ಅಂತ ನನಗೂ ಬರೆಯಿರಿ.